ಕುಕನೂರಿನ ಗಾಡಿ ತಣ್ಣಗಿರಬೇಕು

ಏನ್ರೀ,

ಆರು ಗಂಟೆಯ ಬಸ್ಸಿಗೆ ಕುಕನೂರಿಗೆ ಹೊಂಟೀನಿ, ಆ ಬಿಳಿ ಡೀಸೆಲ್ ಗಾಡಿ ನೋಡಾಕ. ರೊಟ್ಟಿ ಬುಟ್ಟಿಯಾಗ ಅದಾವು. ಅತ್ತಿಯವರಿಗೆ ಚಾ ಕೊಟ್ಟು ಮೊಣಕಾಲಿಗೆ ಎಣ್ಣಿ ಹಚ್ರಿ.

ಗಂಗಾವತಿಯ ಕೆಂಪು ಗಾಡಿ ನಿಮ್ಮ ಕಣ್ಣಾಗ ಕುಂತೈತಿ, ನನಗ ಗೊತ್ತೈತಿ. ಪಾಲಿಶ್ ಛಲೋ ಐತಿ, ಸೀಟಿನ ಕವರೂ ಹೊಸವು. ಆದ್ರ ಮೊನ್ನಿ ಐತವಾರ ಮುಂಜಾನಿ ಹೋದಾಗ ಅದರ ಬಾನೆಟ್ ಮುಟ್ಟಿ ನೋಡಿದ್ರೇನು? ನಾ ಮುಟ್ಟಿದೆ. ರೊಟ್ಟಿ ಹಂಚಿನಂಗ ಸುಡತಿತ್ತು! ಹಳೇ ಡೀಸೆಲ್ ಇಂಜಿನ್ ರಾತ್ರಿಯೆಲ್ಲ ನಿಂತು ತಣ್ಣಗಾದ ಮ್ಯಾಲೆ ಹೆಂಗ ಚಾಲೂ ಆಗತೈತಿ ಅನ್ನೋದರಾಗ ಅದರ ವಯಸ್ಸು ತಿಳಿತೈತಿ. ಮೊದಲ ಕಾಸಿ ಇಟ್ರ ಮುದಿ ಇಂಜಿನ್ನೂ ಹರೇದ ಹುಡುಗನಂಗ ಜಿಗಿತೈತಿ. ಲಾರಿ ಡ್ರೈವರನ ಮಗಳಿಗೆ ಇದನ್ನ ಯಾರೂ ಕಲಿಸಬೇಕಿಲ್ಲ.

ನಾವು ಬರೋದು ಆ ಕೆಂಪು ಗಾಡಿಯವರಿಗೆ ಹೆಂಗ ಗೊತ್ತಾತು? ನೀವೇ ಫೋನ್ ಹಚ್ಚಿ, "ಇನ್ನ ಅರ್ಧ ತಾಸಿನಾಗ ಬರತೀವ್ರಿ, ಚಾ ಇಡ್ರಿ" ಅಂದ್ರಿ. ಅವರು ಚಾನೂ ಕಾಸಿದ್ರು, ಇಂಜಿನ್ನೂ ಕಾಸಿದ್ರು.

ಬಿಳಿ ಗಾಡಿಯ ಬಣ್ಣ ಹೋಗೈತಿ, ಬಾಗಲಕ್ಕ ತಗ್ಗು ಬಿದ್ದೈತಿ ಅಂತ ಮಾಲಕರೇ ಹೇಳ್ಯಾರ. ಇರ್ಲಿ. ಫೋಟೋದಾಗ ನೋಡಿದ್ರ ಹತ್ತೋ ಪಾವಟಿಗಿ ಭಾಳ ಕೆಳಗೈತಿ. ಅತ್ತಿಯವರು ಯಾರ ಕೈಯೂ ಹಿಡೀದ ಹತ್ತತಾರ. ತಣ್ಣಗಿದ್ದಾಗ ಒಂದೇ ಸಲಕ್ಕ ಚಾಲೂ ಆತಂದ್ರ ಅದೇ ನಮ್ಮ ಗಾಡಿ. ಮಧ್ಯಾಹ್ನ ಹೊರಗ ಹಾರ್ನ್ ಕೇಳಿದ್ರ ಅತ್ತಿಯವರನ್ನ ಕರಕೊಂಡು ಬರ್ರಿ.

ಹಾಸಿಗಿ ಕೊಡವಿ ಕೊಡವಿ ನಿಮ್ಮ ಫೋನು ಹುಡುಕಬ್ಯಾಡ್ರಿ. ನನ್ನ ಚೀಲದಾಗ ಐತಿ.

ಹೇಮಾವತಿ