ನಂಬುವುದು ನನ್ನ ಪಾಲು, ಮಾಡುವುದು ನಿಮ್ಮ ಪಾಲು

ಮನೆಯಿಂದ, ಮಂಗಳವಾರ ಸಂಜೆ

ನಮ್ಮ ಮನೆಯವರಿಗೆ ನಮಸ್ಕಾರ.

ಎದೆನೋವು ಹೇಗಿದೆ? ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕೆಂದು ಆಸ್ಪತ್ರೆಯವರು ಮಗಳನ್ನು ಉಳಿಸಿಕೊಂಡು ನನ್ನನ್ನು ಕಳಿಸಿದರಲ್ಲ, ಅವಳು ಹೇಳಿದ ಹಾಗೆ ಕೇಳಿ. ಪಕ್ಕದವರ ಮಂಚದ ಗಾಲಿ ರಿಪೇರಿಗೆ ಇಳಿಯಬೇಡಿ.

ಮದುವೆಯಾದ ಮೂರನೇ ದಿನ ನಿಮ್ಮಮ್ಮ ಬಟ್ಟೆ ಮಡಚುತ್ತಾ ನಮ್ಮಿಬ್ಬರಿಗೆ ಹೇಳಿದ ಕಥೆ ನೆನಪಿದೆಯೇ? ಸ್ವರ್ಗದ ಬಾಗಿಲಿಗೆ ಇಬ್ಬರು ಬಂದರಂತೆ. ಒಬ್ಬನಿಗೆ ಬೆಟ್ಟದಷ್ಟು ನಂಬಿಕೆ, ಅಂಗೈ ಮಾತ್ರ ಬೆಣ್ಣೆ. ಇನ್ನೊಬ್ಬನ ಅಂಗೈ ಊರಿಗೆ ದುಡಿದು ಜಡ್ಡುಗಟ್ಟಿತ್ತು, ದೇವರೆಂದರೆ ಯಾರೆಂದು ಕೇಳುವ ಆಸಾಮಿ. ಕಾವಲಿನವನು ಇಬ್ಬರನ್ನೂ ಹಿಂದಕ್ಕೆ ಅಟ್ಟಿದ. ಅವರು ಕೈ ಕೈ ಹಿಡಿದು ಮತ್ತೆ ಬಂದರು. ಯಾವ ಕೈ ಯಾರದೆಂದು ತಿಳಿಯದೆ ಅವನು ತಲೆ ಕೆರೆದುಕೊಂಡು ಬಾಗಿಲು ತೆಗೆದನಂತೆ.

ಮರುದಿನ ಬೆಳಿಗ್ಗೆ ನೀವು ಸ್ಪ್ಯಾನರ್ ಜೇಬಿಗಿಳಿಸುತ್ತಾ, "ಸರಿ ಕಣೇ, ನಂಬೋದು ನಿನ್ನ ಪಾಲು, ಮಾಡೋದು ನನ್ನ ಪಾಲು. ಹೋಗುವಾಗ ಜೊತೆಗೇ ಹೋಗೋಣ" ಎಂದಿರಿ. ನಲವತ್ತೊಂದು ವರ್ಷ ನಾನು ಇಬ್ಬರ ಪರವಾಗಿ ಕೈ ಮುಗಿದೆ, ನೀವು ಇಬ್ಬರ ಪರವಾಗಿ ಬೀದಿಯವರ ನಲ್ಲಿ ರಿಪೇರಿ ಮಾಡಿದಿರಿ.

ಈಗ ನಿಮ್ಮ ಪಾಲೂ ನನ್ನ ತಲೆಗೇ ಬಿದ್ದಿದೆ. ಕಣ್ಣು ಕಾಣದ ಮೇಷ್ಟರಿಗೆ ನಾನೇ ಪೇಪರ್ ಓದುತ್ತಿದ್ದೇನೆ. ನನ್ನ ಕನ್ನಡಕಕ್ಕೆ ಎಟುಕುವ ದಪ್ಪ ಅಕ್ಷರ ನಿಧನದ ಜಾಹೀರಾತಿನಲ್ಲಿ ಮಾತ್ರ, ಅದನ್ನೇ ಓದಿದೆ. ಮೂರನೇ ದಿನ ಅವರು, "ಹಾಗೇ ನೋಡಮ್ಮ, ನನ್ನ ಹೆಸರೇನಾದ್ರೂ ಬಂದಿದೆಯಾ" ಎಂದರು. ಬೀದಿಯ ನಲ್ಲಿ ತೊಟ್ಟಿಕ್ಕುತ್ತಿತ್ತು, ನಿಮ್ಮ ಸ್ಪ್ಯಾನರ್ ಹಾಕಿ ಬಿಗಿದೆ. ತೊಟ್ಟಿಕ್ಕುವುದು ನಿಂತಿತು, ಜೊತೆಗೆ ನೀರೂ ನಿಂತಿತು. ನೀವು ಬೇಗ ಗುಣವಾಗಲೆಂದು ಬೀದಿಯ ಹೆಂಗಸರೆಲ್ಲ ಈಗ ದೇವರಿಗೆ ಮೊರೆಯಿಡುತ್ತಿದ್ದಾರೆ. ಅವರ ಬಾಯಿ ಮುಚ್ಚಿಸಲು ಇವತ್ತು ನಲ್ಲಿಯ ಹತ್ತಿರ ಕೂತು ನಿಮ್ಮಮ್ಮನ ಕಥೆ ಹೇಳಿ ಬಂದೆ.

ಮಗಳಿಗೆ ಆಶೀರ್ವಾದ. ಔಷಧಿ ಉಗುಳಬೇಡಿ.

ನಿಮ್ಮವಳು

ತಾ.ಕ. ಬುಧವಾರ ಬೆಳಿಗ್ಗೆ. ಅಳಿಯಂದಿರು ಆಸ್ಪತ್ರೆಗೆ ಹೊರಟು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಮುಖ್ಯವಾದದ್ದೇ ಬಿಟ್ಟಿದ್ದೆ. ನೀವು ಆಸ್ಪತ್ರೆ ಸೇರಿದಾಗಿನಿಂದ ದೇವರಿಗೆ ಕೈ ಮುಗಿದರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಸ್ಪ್ಯಾನರ್ ಹಿಡಿದು ಓಡಾಡುತ್ತಿದ್ದೇನೆ. ಶುಕ್ರವಾರ ಆಪರೇಷನ್ನಿಗೆ ಮುಂಚೆ ನನ್ನ ಪಾಲನ್ನು ನೀವು ಮಾಡಿ. ನಂಬಿಕೆ ಬರದಿದ್ದರೆ ನಾನು ಕಳಿಸಿದೆನೆಂದು ಹೇಳಿ, ಅಲ್ಲಿ ನನ್ನ ಗುರುತಿದೆ. ಒಬ್ಬರೇ ಹೋದರೆ ಒಳಗೆ ಬಿಡುವುದಿಲ್ಲ, ಹೋಗಬೇಡಿ.

ಈಗ ಹೊರಗೆ ನೋಡಿದೆ. ನಿನ್ನೆ ಕಥೆ ಕೇಳಿದ ಮೂವರು ಹೆಂಗಸರು ಸ್ಪ್ಯಾನರ್ ಹಿಡಿದು ನಲ್ಲಿಗೆ ಜೋತುಬಿದ್ದಿದ್ದಾರೆ, ಮೇಷ್ಟರು ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಾರೆ. ನೀರು ಬಂತು.