ಲೋಬಾನದ ಹೊಗಿ ನಿಂತ ಮ್ಯಾಲೆ

ಚೆಂಬೂರು, ಐತವಾರ

ಅತ್ತಿಯವರಿಗೆ ದಾನೇಶ್ವರಿಯ ಶರಣು.

ನೀವು ಫೋನ್ ಎತ್ತವಲ್ರಿ. ಅದಕ್ಕ ವಿಜಯಪುರಕ್ಕ ಹೊಂಟಿದ್ದ ಬಾಜೂ ಮನಿ ಧರ್ಮಣ್ಣನ ಕೈಯಾಗ ಈ ಕಾಗದ ಕೊಟ್ಟೀನಿ.

ನೀವು ಜಳಕ ಮಾಡಿಸಿ ಲೋಬಾನದ ಹೊಗಿ ಹಿಡದಿದ್ದಕ್ಕ ನಿಮ್ಮ ಮೊಮ್ಮಗಳು ಸ್ನೇಹಲ್‌ಗೆ ಉಬ್ಬಸ ಬಂತಂತ ನಾ ಇಡೀ ಬಿಲ್ಡಿಂಗ್ ಕೇಳೂಹಂಗ ಒದರಾಡಿದೆ. ನೀವು ಅವತ್ತ ಸಂಜಿ ಊರಿನ ಗಾಡಿ ಹತ್ತಿದ್ರಿ. ಹೊಗಿ ನಿಂತು ಎರಡು ತಿಂಗಳಾತು. ಉಬ್ಬಸ ಮತ್ತ ಮೂರು ಸಲ ಬಂತು. ನೆಗಡಿ ಆದಾಗೊಮ್ಮೆ ಎದಿ ಸುಂಯ್ ಅಂತೈತಿ. ಹೊಗಿ ಈಗೂ ಬ್ಯಾಡಂತಾರ ಡಾಕ್ಟರು, ಆದ್ರ ಬರೇ ಹೊಗಿಯಿಂದ ಆಗಿದ್ದಲ್ಲಂತ. ಇದನ್ನ ನಿಮಗ ಹೇಳಬೇಕಿತ್ತು.

ನಾಕು ವರ್ಷದ ಕೂಸಿಗೆ ಆಸ್ತಮಾ ಹೌದೋ ಅಲ್ಲೋ ಈಗ ಹೇಳಾಕ ಬರಂಗಿಲ್ಲಂತ. ಮೂರು ತಿಂಗಳು ದಿನಾ ಔಷಧ ಎಳಕೊಳ್ಳೂ ಪಂಪ್ ಕೊಟ್ಟು, ಆಮ್ಯಾಲೆ ಬಿಟ್ಟು ನೋಡೂಣು ಅಂದ್ರು. ನಿಮ್ಮ ಮಗ ನಾಗಪುರದ ಸೈಟಿನಿಂದ 'ನಿನಗ ತಿಳಿದಂಗ ಮಾಡು' ಅಂದು ಫೋನ್ ಇಟ್ರು. ನನಗೇನು ತಿಳೀತೈತ್ರಿ? ಒಬ್ಬಾಕಿನ ಕುಂತು ಹೂಂ ಅಂದು ಬಂದೀನಿ.

ಪಂಪಿನ ಮಾಸ್ಕ್ ಮುಖಕ್ಕ ಹಿಡದು ಹತ್ತು ಉಸಿರು ಎಣಿಸಬೇಕು. ಅಕಿ ಮೂರಕ್ಕ ಕಿತ್ತೊಗೀತಾಳ. ಅಕಿನ್ನ ಹಿಡೀಲೋ, ಮಾಸ್ಕ್ ಹಿಡೀಲೋ? ನನಗಿರೂವು ಎರಡ ಕೈ.

ನಿನ್ನೆ ಅಕಿನ ಗೊಂಬಿನ್ನ ತೊಡಿ ಮ್ಯಾಲೆ ಕುಂಡ್ರಿಸಿಕೊಂಡು ಮಾಸ್ಕ್ ಹಿಡದಿದ್ಲು. ನೀವು ಹೊಗಿ ಹಿಡಿಯುವಾಗ ಎಣಸ್ತಿದ್ರಲ್ಲ, ಹಂಗ 'ಒಂದು ನನ ಕೂಸು, ಎರಡು ನನ ಕೂಸು' ಅಂತ ಹತ್ತರ ತನಕ ಎಣಿಸಿದ್ಲು. ಗೊಂಬಿ ಅಳಲಿಲ್ಲ.

ನೀವು ಹೊಗಿ ಹಾಕೂ ಕೆಂಡದ ಅಗ್ಗಿಷ್ಟಿಗಿ ತೊಳದು ಮಾಡದಾಗ ಇಟ್ಟೀನಿ. ಲೋಬಾನ ತರಬ್ಯಾಡ್ರಿ. ನೀವಷ್ಟ ಬರ್ರಿ.

ನಿಮ್ಮ ಸೊಸಿ,
ದಾನೇಶ್ವರಿ