ಪುಟ್ಟಮಲ್ಲಮ್ಮನವರ ಕರಡಿಗೆಯ ಗೀರು

ಭೀಮನಬೀಡು, ಜನವರಿ ೧೧, ಭಾನುವಾರ

ಇವತ್ತು ಸುಳ್ಳು ಹೇಳಿದೆ.

ಪಕ್ಕದ ಮನೆಯ ಪುಟ್ಟಮಲ್ಲಮ್ಮನವರು ಅವರವ್ವ ಕೊಡಿಸಿದ್ದ, ಲಿಂಗ ಇಡುವ ಬೆಳ್ಳಿ ಕರಡಿಗೆಯನ್ನು ನನಗೆ ಪಾಲಿಶಿಗೆ ಕೊಟ್ಟಿದ್ದರು. ಉಜ್ಜುವಾಗ ಗೀರು ಬಿತ್ತು. "ನಿಮ್ ಬೆಳ್ಳೀನೇ ಸರಿಯಿಲ್ಲ ಕಣತ್ತೆ," ಅಂದುಬಿಟ್ಟೆ.

"ಅಂಗಾರೆ ನಮ್ಮವ್ವ ಮೋಸ ಓಗವ್ಳೆ ಕಣಮ್ಮಿ. ಪಾಪ, ಅವ್ಳಿಗೇನು ಗೊತ್ತಾಯ್ತದೆ, ಬುಡು," ಎಂದರು. ಕರಡಿಗೆ ಸಿಗುವವರೆಗೆ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಾರೆ. ಮಾತಾಡುವಾಗಲೂ ಒಂದು ಕೈ ಆ ಗಂಟಿನ ಮೇಲೇ ಇತ್ತು.

ಬೆಳ್ಳಿಯದೇನೂ ತಪ್ಪಿಲ್ಲ. ನಿನ್ನೆ ಕುಡುಗೋಲು ಉಜ್ಜಿದ ಬಫಿಂಗ್ ವೀಲನ್ನೇ, ಮೋಟಾರಿಗೆ ಸಿಕ್ಕಿಸಿ ಹೊಳಪು ಕೊಡುವ ಬಟ್ಟೆಯ ಚಕ್ರವನ್ನೇ, ಬೆಳ್ಳಿಗೂ ಹಾಕಿದೆ. ಎಲ್ಲ ವೀಲ್‌ಗಳನ್ನೂ ಒಂದೇ ಮೊಳೆಗೆ ನೇತುಹಾಕುವ ಸೋಮಾರಿ ನಾನು.

ಊಟವಾದ ಮೇಲೆ ಹಿತ್ತಲಿನ ಶೆಡ್ಡಿಗೆ ಹೋದೆ. ವೀಲ್ ತಿರುಗಿಸಿ, ಅಂಚಿಗೆ ಹಳೆಯ ಗರಗಸದ ಬ್ಲೇಡು ಹಿಡಿದೆ. ಅಂಟಿ ಗಟ್ಟಿಯಾಗಿದ್ದ ಪಾಲಿಶಿನ ಕಪ್ಪು ಮೇಣ ಪುಡಿಪುಡಿಯಾಗಿ ಉದುರಿತು. ಅದರೊಳಗೆ ಕಬ್ಬಿಣದ ಚೂರುಗಳು ಮಿಣಮಿಣ ಅನ್ನುತ್ತಿದ್ದವು.

ಇನ್ನು ಮೇಲೆ ಆ ವೀಲ್ ಕಬ್ಬಿಣಕ್ಕೆ ಮಾತ್ರ. ಬೆಳ್ಳಿಗೆ ಹೊಸದೊಂದನ್ನು ತೆಗೆದು, ಧೂಳು ಬೀಳದಂತೆ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ವಿಭೂತಿಯಿಂದ ಮೂರು ಗೆರೆ ಎಳೆದಿದ್ದೇನೆ. ನಮ್ಮ ಮನೆಯವರು ನೋಡಿ ನಕ್ಕರು. ನಗಲಿ.

ಗೀರು ತೆಗೆಯಬಲ್ಲೆ, ಅದು ಅರ್ಧ ಗಂಟೆಯ ಕೆಲಸ. ಆದರೆ ತೆಗೆದ ಮೇಲೆ ಹೇಳಿದರೆ ಹೇಳಿದಂತಾಗುವುದಿಲ್ಲ. ನಾಳೆ ಬೆಳಿಗ್ಗೆ ಅವರು ಪೂಜೆಗೆ ಕೂರುವ ಮುಂಚೆಯೇ ಗೀರಿರುವ ಕರಡಿಗೆಯನ್ನು ಹಿಡಿದು ಅವರ ಬಾಗಿಲಲ್ಲಿ ನಿಲ್ಲುತ್ತೇನೆ. ಹೇಳಬೇಕಾದ್ದನ್ನು ಇಲ್ಲೇ ಬರೆದಿಡುತ್ತೇನೆ, ಆಗ ಬಾಯಿ ತಪ್ಪಿಸಿಕೊಳ್ಳುವುದಿಲ್ಲ.

ಅತ್ತೆ, ನಿಮ್ಮವ್ವ ಮೋಸ ಓಗಿರ್ನಿಲ್ಲ. ನಾನೇ ಕುಡುಗೋಲು ಉಜ್ಜಿದ್ ವೀಲ್ನ ನಿಮ್ ಬೆಳ್ಳಿಗೂ ಆಕಿ ಗೀರು ಬೀಳಿಸ್ದೆ, ಆಮೇಲೆ ಸುಳ್ಳು ಯೋಳ್ದೆ.